ಎಂಜಿನ್ ಬೇಡದ ಗಾಡಿ ಬಂತು, ಹೊತ್ತಿಗೆ ಬರಲಿಲ್ಲ!

ದೇವನಹಳ್ಳಿಗೆ ವಿಮಾನ ಬಂದದ್ದು 2008ರಲ್ಲಿ. ರೈಲು ಬಂದದ್ದು 1915ರಲ್ಲಿ! ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಹಾಕಿ, ಉಗಿಬಂಡಿ ಓಡಿಸಿದ ಕಾಲ ಅದು. ಹಾಗಿದ್ದೂ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ದೇವನಹಳ್ಳಿಯವನು ಬೆಳಗಾದರೆ ರೈಲು ನಿಲ್ದಾಣದ ಕಡೆ ಮುಖ ಹಾಕುವುದಿಲ್ಲ, ಬಸ್ ಸ್ಟ್ಯಾಂಡಿಗೆ ಓಡುತ್ತಾನೆ. ಇದೇಕೆ ಹೀಗೆ?

ಗಾಡಿ ಸರಿಯಿಲ್ಲ ಅಂತ ಹೇಳುವ ಹಾಗಿಲ್ಲ. ಹತ್ತಿರದ ಊರುಗಳ ಜನರಿಗೆ ಹೇಳಿ ಮಾಡಿಸಿದಂಥ ಗಾಡಿ ಈ ಹಳಿಯ ಮೇಲೆ ಬಂದಾಗಿದೆ. ಅದರ ಕತೆ ಸ್ವಲ್ಪ ಹಳೆಯದು.

ಟ್ರ್ಯಾಮಿನ ಭಯಕ್ಕೆ ಹುಟ್ಟಿದ್ದು

ಮಾಮೂಲಿ ರೈಲಿಗೆ ಮುಂದೊಂದು ಎಂಜಿನ್ ಬೇಕು. ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಅದನ್ನು ಕಳಚಬೇಕು, ಪಕ್ಕದ ಹಳಿಯಲ್ಲಿ ಸುತ್ತಿಸಿ ತಂದು ಇನ್ನೊಂದು ತುದಿಗೆ ಕಟ್ಟಬೇಕು. ಉಗಿಬಂಡಿಯಾದರೆ ನೀರು ತುಂಬಿಸಬೇಕು, ಬೂದಿ ತೆಗೆಯಬೇಕು. ಹತ್ತಿಪ್ಪತ್ತು ಮೈಲಿ ಹೋಗಿ ಬರುವುದಕ್ಕೆ ಇಷ್ಟೆಲ್ಲ ರಗಳೆ ಯಾಕೆ ಎಂದು ಯೋಚಿಸಿದವರು, ಜನ ಕೂರುವ ಡಬ್ಬಿಯೊಳಗೇ ಯಂತ್ರ ಇಟ್ಟುಬಿಟ್ಟರು. ಎರಡು ತುದಿಯಲ್ಲೂ ಚಾಲಕನ ಜಾಗ. ಬಂದ ದಾರಿಯಲ್ಲೇ ಹಿಂದಿರುಗಿ ಹೊರಡುವುದಕ್ಕೆ ಕೆಲವೇ ನಿಮಿಷ ಸಾಕು.

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1903ರ ಅಕ್ಟೋಬರಿನಲ್ಲಿ ಇಂಥ ಉಗಿ ಮೋಟಾರು ಡಬ್ಬಿಗಳನ್ನು ಓಡಿಸಿತು. ಅಲ್ಲಿ ಟ್ರ್ಯಾಮು ಬಂದು ಜನರನ್ನೆಲ್ಲ ಸೆಳೆದುಕೊಂಡೀತು ಎಂಬ ಭಯವಿತ್ತು. ಕಂಪನಿ ಮಾಡಿದ್ದೇನು? ಗಂಟೆಗೊಂದು ಗಾಡಿ ಬಿಟ್ಟಿತು. ದಾರಿಯುದ್ದಕ್ಕೂ ಸಣ್ಣಸಣ್ಣ ಹಾಲ್ಟು ಕಟ್ಟಿತು. ಜನ ಎಷ್ಟು ಮುಗಿಬಿದ್ದರೆಂದರೆ ಒಂದೇ ಡಬ್ಬಿ ಸಾಲದಾಯಿತು. ಹಿಂದೆ ಇನ್ನೊಂದು ಡಬ್ಬಿ ಕಟ್ಟಿದರೆ ಎಳೆಯುವ ಕಸುವು ಇಲ್ಲದೆ ಗಾಡಿ ಏದುಸಿರು ಬಿಡುತ್ತಿತ್ತು. ಅದು ಗಾಡಿಯ ಸೋಲೇ ಹೊರತು ಆಲೋಚನೆಯ ಸೋಲಲ್ಲ.

ನಮ್ಮ ಕಡೆಯೂ ಓಡಿತ್ತು

ಇದೇ ಆಲೋಚನೆಯ ಚಿಕ್ಕ ತಮ್ಮ ರೈಲ್‌ಬಸ್. ನೋಡಲು ಬಸ್ಸು, ಓಡುವುದು ಹಳಿಯ ಮೇಲೆ. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜಿನಲ್ಲೂ ಕೋಲಾರ–ಬಂಗಾರಪೇಟೆ ನಡುವೆಯೂ ಇದು ಓಡಿದ್ದನ್ನು ಕಂಡವರು ಈಗಲೂ ಇದ್ದಾರೆ. ದೇವನಹಳ್ಳಿಯ ಹಳಿಗೂ ಬಂಗಾರಪೇಟೆಗೂ ಹಳೆಯ ನಂಟು. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ, ಎಲ್ಲವೂ ಒಂದೇ ಪುಟ್ಟ ಹಳಿಯ ಊರುಗಳು. ತುಂಡುತುಂಡಾಗಿ ಬ್ರಾಡ್‌ಗೇಜ್ ಆಗುತ್ತಾ ಬಂದು, ಕೊನೆಯ ಚಿಕ್ಕಬಳ್ಳಾಪುರ–ಕೋಲಾರ ತುಂಡು ಮುಗಿದಾಗ 2013 ಬಂದಿತ್ತು.

2021ರ ಜನವರಿ 4ರಂದು ವಿಮಾನ ನಿಲ್ದಾಣದ ಹತ್ತಿರ ಹೊಸ ಹಾಲ್ಟ್ ತೆರೆಯಿತು. ಡೆಮು ಗಾಡಿಗಳು ಬಂದವು. ಡೆಮು ಎಂದರೆ ಡೀಸೆಲ್ ಯಂತ್ರದಿಂದ ವಿದ್ಯುತ್ ತಯಾರಿಸಿ ಅದರಿಂದ ಚಕ್ರ ತಿರುಗಿಸುವ ಗಾಡಿ. ಮೆಮು ಎಂದರೆ ಮೇಲಿನ ತಂತಿಯಿಂದಲೇ ವಿದ್ಯುತ್ ಪಡೆಯುವುದು. ಎರಡಕ್ಕೂ ಬೇರೆ ಎಂಜಿನ್ ಕಟ್ಟುವ ಗೋಜಿಲ್ಲ. ನಿಂತ ಕಡೆಯಿಂದ ಬೇಗ ವೇಗ ಹಿಡಿಯುವುದರಿಂದ ನಾಲ್ಕೈದು ಕಿಲೋಮೀಟರಿಗೊಂದು ಸ್ಟಾಪ್ ಕೊಟ್ಟರೂ ನಷ್ಟವಿಲ್ಲ. ಟಿಕೆಟ್ಟೋ, ಆರಂಭದಲ್ಲಿ ಹತ್ತು-ಹದಿನೈದು ರೂಪಾಯಿ! ಟ್ಯಾಕ್ಸಿಯವರು ಕೇಳುವುದಕ್ಕೂ ಇದಕ್ಕೂ ಅಜಗಜಾಂತರ.

ಆದರೂ ಡಬ್ಬಿ ತುಂಬಲಿಲ್ಲ.

ತುಂಬುವುದಾದರೂ ಹೇಗೆ?

ಗಾಡಿ ಬಂದಾಗ ಹಳಿ ಒಂಟಿ. ಎದುರಿನಿಂದ ಒಂದು ಬಂದರೆ ಇನ್ನೊಂದು ನಿಲ್ದಾಣದಲ್ಲಿ ಕಾಯಬೇಕು. ಹಾಗಾಗಿ ದಿನಕ್ಕೆ ಬೆರಳೆಣಿಕೆಯ ಗಾಡಿಗಳು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು, ವಿಮಾನ ಕಾಯುತ್ತದೆಯೇ? ಹಾಲ್ಟಿನಲ್ಲಿ ಇಳಿದರೂ ಕೆಲಸ ಮುಗಿಯಲಿಲ್ಲ, ಟರ್ಮಿನಲ್‌ಗೆ ಇನ್ನೊಂದು ಬಸ್ ಹತ್ತಬೇಕು. ಪಾಳಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಅಗ್ಗದ ಟಿಕೆಟ್ ಎಷ್ಟು ಮುಖ್ಯವೋ, ಪಾಳಿ ಬಿಟ್ಟ ಹೊತ್ತಿಗೆ ಗಾಡಿ ಇರುವುದೂ ಅಷ್ಟೇ ಮುಖ್ಯ. ಜನ ಹತ್ತಲಿಲ್ಲ ಎಂದು ಗಾಡಿ ಕಡಿಮೆ ಮಾಡುವುದು, ಗಾಡಿ ಕಡಿಮೆ ಎಂದು ಜನ ಹತ್ತದಿರುವುದು: ಇದಕ್ಕೆ ಕೊನೆ ಎಲ್ಲಿ?

ಜಿಲ್ಲೆಯ ಉಳಿದ ತಾಲ್ಲೂಕುಗಳದ್ದೂ ಒಂದೊಂದು ಕತೆ. ದೊಡ್ಡಬಳ್ಳಾಪುರ ಗುಂತಕಲ್ ಮಾರ್ಗದಲ್ಲಿದೆ. ಅಲ್ಲಿ ದೂರದ ಗಾಡಿಗಳ ಸಂದಿಯಲ್ಲಿ ಊರ ಗಾಡಿ ನುಸುಳಬೇಕು. ನೆಲಮಂಗಲದ ಮೂಲಕ ಹಾಸನಕ್ಕೆ ನೇರ ಹಳಿ ಪೂರ್ತಿಯಾದದ್ದೇ 2017ರಲ್ಲಿ. ಹೊಸಕೋಟೆ ಪಟ್ಟಣಕ್ಕಂತೂ ನಿಲ್ದಾಣವೇ ಇಲ್ಲ. ಅಲ್ಲಿಯವರು ದೇವನಗೊಂದಿಗೋ ವೈಟ್‌ಫೀಲ್ಡಿಗೋ ಹೋಗಿ ರೈಲು ಹಿಡಿಯಬೇಕು.

ಸಂಪಿಗೆಯ ಪರಿಮಳ ಯಾವಾಗ?

ಇದಕ್ಕೆಲ್ಲ ಮದ್ದು ಎಂದು 2020ರಲ್ಲಿ ಉಪನಗರ ರೈಲು ಯೋಜನೆಗೆ ಒಪ್ಪಿಗೆ ಸಿಕ್ಕಿತು. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್, ಅಂದಾಜು 15,767 ಕೋಟಿ ರೂಪಾಯಿ. ಬೆಂಗಳೂರಿನಿಂದ ದೇವನಹಳ್ಳಿಗೆ ಬರುವ 41 ಕಿಲೋಮೀಟರಿಗೆ 'ಸಂಪಿಗೆ' ಎಂದು ಹೆಸರು. 2022ರ ಜೂನ್ 20ರಂದು ಪ್ರಧಾನಿಯವರಿಂದ ಶಂಕುಸ್ಥಾಪನೆಯೂ ಆಯಿತು. 40 ತಿಂಗಳ ಗಡುವು 2025ರ ಅಕ್ಟೋಬರಿಗೆ ಕಳೆದುಹೋಯಿತು. ಆ ಹೊತ್ತಿಗೆ ಸಂಪಿಗೆ ಮಾರ್ಗದ ಕೆಲಸ ಶುರುವೇ ಆಗಿರಲಿಲ್ಲ!

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೇ? ಬೇಕಿಲ್ಲ. ಗಾಡಿ ಇದೆ, ಹಳಿ ಇದೆ, ತಂತಿಯೂ ಬಂದಿದೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ, ಸಂಜೆ ಪಾಳಿ ಬಿಡುವ ಹೊತ್ತಿಗೆ ವೇಳಾಪಟ್ಟಿ ಹೊಂದಿಸಲಿ. ಗಾಡಿ ಬಂದು ನಿಲ್ಲುವ ಹೊತ್ತಿಗೆ ಹಾಲ್ಟಿನ ಮುಂದೆ ಬಸ್ಸೂ ನಿಂತಿರಲಿ. ಆಮೇಲೆ ಜನ ಹತ್ತದಿದ್ದರೆ ದೂರಲಿ. ನೂರಿಪ್ಪತ್ತು ವರ್ಷದ ಹಿಂದೆ ಉಗಿಯ ಕಾಲದಲ್ಲಿ ಗಂಟೆಗೊಂದು ಗಾಡಿ ಬಿಡಲು ಆಯಿತು. ವಿಮಾನ ಇಳಿಯುವ ಊರಿನಲ್ಲಿ ಆಗದೇ?