ಕಾರ್ಟೂನ್ ನೋಡಿ ಮಗಳು ಅತ್ತಾಗ...

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ದೊಡ್ಡನೆಕ್ಕುಂದಿಯ ನಮ್ಮ ಮನೆಯಲ್ಲಿ ಮಕ್ಕಳ ಗಲಾಟೆ ತಡೆಯಲಾರದೆ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಎಂಬ ಜಪಾನೀ ಚಿತ್ರ ಹಾಕಿಕೊಟ್ಟು ಅಡುಗೆ ಮನೆಗೆ ಹೋದೆ. ಕಾರ್ಟೂನ್ ತಾನೇ, ನೋಡಿಕೊಳ್ಳಲಿ ಎಂದುಕೊಂಡಿದ್ದೆ. ಮತ್ತೆ ಬಂದು ನೋಡಿದರೆ ಏಳು ವರ್ಷದ ಕಿರಿಯವಳು ದಿಂಬಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು. ರಾತ್ರಿ ಊಟ ಮಾಡಲಿಲ್ಲ. “ಅಮ್ಮಿ, ನೀನು ಸತ್ತರೆ ನಮಗೆ ಅನ್ನ ಯಾರು ಕೊಡುತ್ತಾರೆ?” ಎಂದಳು.

ಮರುದಿನ ಆ ಚಿತ್ರವನ್ನು ನಾನೇ ಕುಳಿತು ನೋಡಿದೆ. 1945ರಲ್ಲಿ ಕೋಬೆ ನಗರದ ಮೇಲೆ ಬಾಂಬು ಬಿದ್ದು ತಾಯಿ ಸಾಯುತ್ತಾಳೆ. ಹದಿನಾಲ್ಕರ ಅಣ್ಣ, ನಾಲ್ಕರ ತಂಗಿ ಬಂಧುವೊಬ್ಬಳ ಮನೆ ಸೇರುತ್ತಾರೆ. ಸತ್ತ ತಾಯಿಯ ಬಟ್ಟೆಗಳನ್ನು ಮಾರಿ ಅಕ್ಕಿ ತಂದ ಆಕೆ, ಕ್ರಮೇಣ ಈ ಮಕ್ಕಳಿಗೆ ಬರೀ ಗಂಜಿ ಬಡಿಸತೊಡಗುತ್ತಾಳೆ. ಅವಳು ರಾಕ್ಷಸಿಯಲ್ಲ, ಕೊರತೆಯಲ್ಲಿ ಮನಸ್ಸು ಕಿರಿದಾದ ಸಾಮಾನ್ಯ ಗೃಹಿಣಿ. ಯತೀಮ್ ಮಗುವಿನ ತಟ್ಟೆಗೆ ನಾವು ಹೇಗೆ ಬಡಿಸುತ್ತೇವೆ ಎಂದು ಆ ದೃಶ್ಯ ನನ್ನನ್ನೇ ಕೇಳಿದಂತಾಯಿತು.

ಇದು ಬರೀ ಕಲ್ಪನೆಯಲ್ಲ. ಯುದ್ಧಕಾಲದ ಹಸಿವಿನಲ್ಲಿ ತಂಗಿಯನ್ನು ಕಳೆದುಕೊಂಡ ಲೇಖಕ ಅಕಿಯುಕಿ ನೊಸಾಕಾ 1967ರಲ್ಲಿ ಈ ಕಥೆ ಬರೆದರು. 1988ರಲ್ಲಿ ಚಿತ್ರ ಮಾಡಿದ ನಿರ್ದೇಶಕ ಇಸಾವೊ ತಕಹಾತಾ ಸ್ವತಃ ಒಂಬತ್ತರ ವಯಸ್ಸಿನಲ್ಲಿ ಒಕಾಯಾಮಾ ನಗರದ ಬಾಂಬ್ ದಾಳಿಯಿಂದ ಪಾರಾದವರು.

ಏಕೆ ಇಷ್ಟು ನಾಟುತ್ತದೆ?

ಇಂತಹ ಅನೇಕ ಚಿತ್ರಗಳ ಒಡಲಲ್ಲಿರುವುದು ತಾಯಿಯಿಂದ ದೂರವಾದ ಮಗು. ‘ಮೈ ನೇಬರ್ ಟೊಟೊರೊ’ದಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ‘ಸ್ಪಿರಿಟೆಡ್ ಅವೇ’ (2001) ಚಿತ್ರದ ಹುಡುಗಿ ಅಪರಿಚಿತ ಲೋಕದಲ್ಲಿ ಒಂಟಿ. 2023ರಲ್ಲಿ ಭಾರತದ ಚಿತ್ರಮಂದಿರಗಳಿಗೂ ಬಂದ ‘ಸುಜುಮೆ’ಯ ನಾಯಕಿ 2011ರ ಭೂಕಂಪ, ಸುನಾಮಿಯಲ್ಲಿ ತಾಯಿಯನ್ನು ಕಳೆದುಕೊಂಡವಳು.

ಇನ್ನೊಂದು ಕಾರಣ ಮೌನ. ಇಲ್ಲಿ ಪಾತ್ರಗಳು ಸುಮ್ಮನೆ ಕುಳಿತು ಮಳೆ ನೋಡುತ್ತವೆ, ನಿಟ್ಟುಸಿರು ಬಿಡುತ್ತವೆ. ನಿರ್ದೇಶಕ ಹಯಾವೊ ಮಿಯಾಜಾಕಿ ಒಮ್ಮೆ ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಗಳ ನಡುವಿನ ಬಿಡುವೇ ಜಪಾನೀ ಭಾಷೆಯ ‘ಮಾ’ ಎಂದು ವಿವರಿಸಿದ್ದರು. ಆ ಬಿಡುವಿನಲ್ಲೇ ನಮ್ಮ ದುಃಖ ನಮಗೆ ನೆನಪಾಗುತ್ತದೆ.

ಹೇಗೆ ನೋಡಬೇಕು?

ಚಿತ್ರಿಸಿದ ಚಿತ್ರವೆಲ್ಲ ಮಕ್ಕಳದ್ದಲ್ಲ. ಯು, ಯುಎ 7+, 13+, 16+ ಎಂಬ ಗುರುತನ್ನು ಮೊದಲು ಗಮನಿಸಿ. ಸಾಧ್ಯವಾದರೆ ಮೊದಲು ನೀವೇ ನೋಡಿ. ಟೊಟೊರೊದಿಂದ ಆರಂಭಿಸುವುದು ಒಳ್ಳೆಯದು. ಫೈರ್‌ಫ್ಲೈಸ್‌ನಂಥ ಚಿತ್ರವನ್ನು ಹೈಸ್ಕೂಲ್ ವಯಸ್ಸಿನವರೆಗೆ ತಡೆಯಿರಿ. 1988ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಇವೆರಡನ್ನೂ ಜೊತೆಯಾಗಿ ಒಂದೇ ದಿನ ಬಿಡುಗಡೆ ಮಾಡಿದ್ದರು ಎಂದರೆ ನಂಬುವುದು ಕಷ್ಟ!

ಮೂಲ ಧ್ವನಿಯಲ್ಲಿ ನೋಡುವುದಾದರೆ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ದೊಡ್ಡ ಮಕ್ಕಳು ಓದಿ ಕಿರಿಯರಿಗೆ ಹೇಳಲಿ. ಕೆಲವು ಚಿತ್ರಗಳಲ್ಲಿ ಆತ್ಮಗಳೂ ನದಿ ದೇವತೆಗಳೂ ಬರುತ್ತವೆ. ಅದು ಅಲ್ಲಿನ ಜನಪದ ನಂಬಿಕೆ, ನಮ್ಮದಲ್ಲ ಎಂದು ಸಮಾಧಾನದಿಂದ ತಿಳಿಸಿದರೆ ಸಾಕು. ಮಗು ಅತ್ತರೆ “ಬರೀ ಬೊಂಬೆ, ಅಳಬೇಡ” ಎನ್ನಬೇಡಿ. ಪರರ ನೋವಿಗೆ ಅಳುವ ಮಗುವಿನಲ್ಲಿ ಒಳ್ಳೆಯದೇನೋ ಬೆಳೆಯುತ್ತಿದೆ. ನಿಲ್ಲಿಸಿ, ಮಾತಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂಟಿ ಮಗುವಿನ ಕಥೆಯನ್ನು ನಿಮ್ಮ ಮಗು ಒಂಟಿಯಾಗಿ ನೋಡದಿರಲಿ.

ನಾನು ತಡವಾಗಿ ಕಲಿತೆ. ಮೊನ್ನೆ ಎಲ್ಲರೂ ಕೂಡಿ ಟೊಟೊರೊ ನೋಡಿದೆವು. ಪುಟ್ಟ ಮೇ ಅಮ್ಮನಿಗಾಗಿ ಜೋಳದ ತೆನೆ ಹಿಡಿದು ಹೊರಟು ದಾರಿ ತಪ್ಪಿದಾಗ ಕಿರಿಯವಳು ನನ್ನ ದುಪಟ್ಟಾ ಬಿಗಿಯಾಗಿ ಹಿಡಿದುಕೊಂಡಳು. ನಾನು ಕದಲಲಿಲ್ಲ. ಅಂದು ರಾತ್ರಿ ಅವಳು ಹೊಟ್ಟೆ ತುಂಬ ಊಟ ಮಾಡಿದಳು.