ಮಣಿದು ಉಳಿಯುವ ಸೇತುವೆ

1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾವನ್ನು ನಡುಗಿಸಿದ ಲೋಮಾ ಪ್ರಿಯೆಟಾ ಭೂಕಂಪದ ಪರಿಮಾಣ 6.9ರಷ್ಟಿದ್ದು, ಅದರ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದ್ದ ಸ್ಯಾನ್ ಫ್ರಾನ್ಸಿಸ್ಕೊ–ಓಕ್‌ಲ್ಯಾಂಡ್ ಬೇ ಸೇತುವೆಯ ಪೂರ್ವಭಾಗದಲ್ಲಿ ಮೇಲಂತಸ್ತಿನ ರಸ್ತೆಯ 15 ಮೀಟರ್ ಉದ್ದದ ತುಂಡೊಂದು ಕಳಚಿ ಕೆಳಗಿನ ರಸ್ತೆಯ ಮೇಲೆ ಬಿದ್ದಿತು.

ಸೇತುವೆಯನ್ನು ಬಂಡೆಯಂತೆ ಗಡುಸಾಗಿಸುವುದೇ ರಕ್ಷಣೆಯೆಂದು ಮೇಲ್ನೋಟಕ್ಕೆ ತೋರಬಹುದಾದರೂ, ಬಾಗಲಾರದ ರಚನೆಯು ನೆಲದ ಕಂಪನಕ್ಕೆ ಥಟ್ಟನೆ ಬಿರಿಯುವ ಅಪಾಯವಿದೆ. ಆದ್ದರಿಂದ ಮಿತವಾದ ಅಲುಗಾಟಕ್ಕೆ ಅವಕಾಶ ಕೊಟ್ಟು, ಕಂಪನದ ಶಕ್ತಿಯನ್ನು ಮೊದಲೇ ಗೊತ್ತುಪಡಿಸಿದ ಸ್ಥಳಗಳಲ್ಲಿ ವ್ಯಯವಾಗಿಸುವುದು ಇಂದಿನ ಎಂಜಿನಿಯರಿಂಗ್ ತತ್ತ್ವವಾಗಿದೆ.

ಇದರಂತೆ ಪಶ್ಚಿಮಭಾಗದ ತೂಗುಸೇತುವೆಯನ್ನು ಉಳಿಸಿಕೊಂಡು, ಹಳೆಯ ರಿವೆಟ್‌ಗಳ ಬದಲಿಗೆ ಅಧಿಕ ಬಲದ ಬೋಲ್ಟುಗಳನ್ನು ಬಿಗಿದು, ದ್ರವದೊಳಗೆ ಚಲಿಸುವ ಪಿಸ್ಟನ್ ಮೂಲಕ ಚಲನೆಯನ್ನು ಶಾಖವಾಗಿ ಮಾರ್ಪಡಿಸುವ ಡ್ಯಾಂಪರ್ ಎಂಬ ಸಾಧನಗಳನ್ನು ಅಳವಡಿಸಲಾಯಿತು. ಪೂರ್ವಭಾಗದಲ್ಲಿ ಮಾತ್ರ ಹೊಸ ಸೇತುವೆಯನ್ನೇ ಕಟ್ಟಿ 2013ರಲ್ಲಿ ಸಂಚಾರಕ್ಕೆ ತೆರೆಯಲಾಯಿತು. ಅದರ ಸುಮಾರು 160 ಮೀಟರ್ ಎತ್ತರದ ಗೋಪುರವು ನಾಲ್ಕು ಉಕ್ಕಿನ ಕಾಲುಗಳಿಂದ ಕೂಡಿದ್ದು, ಅವುಗಳನ್ನು ಜೋಡಿಸುವ ಕಿರುತೊಲೆಗಳು ಪ್ರಬಲ ಭೂಕಂಪದಲ್ಲಿ ಮೊದಲು ತಾವೇ ವಿರೂಪಗೊಂಡು, ಫ್ಯೂಸ್ ತಂತಿಯು ತಾನು ಕರಗಿ ಮನೆಯ ವಿದ್ಯುತ್ ಉಪಕರಣಗಳನ್ನು ಕಾಯುವಂತೆ, ಭಾರ ಹೊರುವ ಕಾಲುಗಳನ್ನು ಕಾಪಾಡುವ ಹಾಗೆ ರೂಪಿಸಲ್ಪಟ್ಟಿವೆ. ಜಖಂಗೊಂಡ ಕಿರುತೊಲೆಗಳನ್ನು ಬಳಿಕ ಬದಲಾಯಿಸಿಕೊಳ್ಳಬಹುದು.