ಪರಮಾಣುವಿನ ಹತ್ತನೇ ಒಂದು ಪಾಲು

ಗಂಟೆಗೆ 56 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಹಾಗೆ ವೇಗ ಕುಗ್ಗುವ ದರ ಗುರುತ್ವದ ಸುಮಾರು 16 ಪಟ್ಟು. ಒಳಗಿರುವ 60 ಕಿಲೋದ ಮನುಷ್ಯನನ್ನು ಅಷ್ಟರಲ್ಲಿ ತಡೆದು ನಿಲ್ಲಿಸಲು ಹತ್ತಿರ ಹತ್ತಿರ ಒಂದು ಟನ್ ಭಾರದಷ್ಟು ಬಲ ಬೇಕು. ಏರ್‌ಬ್ಯಾಗ್ ಉಬ್ಬುವುದಕ್ಕೇ ಸುಮಾರು 30 ಮಿಲಿಸೆಕೆಂಡು ಹಿಡಿಯುತ್ತದೆ. ಹಾಗಾಗಿ ಇದು ಅಪಘಾತವೋ ಬರೀ ರಸ್ತೆಯ ಗುಂಡಿಯೋ ಎಂದು ತೀರ್ಮಾನಿಸಲು ಉಳಿಯುವುದು 15ರಿಂದ 30 ಮಿಲಿಸೆಕೆಂಡು ಮಾತ್ರ. ಒಮ್ಮೆ ಕಣ್ಣು ಮಿಟುಕಿಸಲು ಇದರ ಮೂರು ಪಟ್ಟಿಗೂ ಹೆಚ್ಚು ಹೊತ್ತು ಬೇಕು.

ಹಿಂದೆ ಈ ತೀರ್ಮಾನ ಒಂದು ಉಕ್ಕಿನ ಗುಂಡಿನದಾಗಿತ್ತು. ಕೊಳವೆಯೊಳಗೆ ಅಯಸ್ಕಾಂತ ಹಿಡಿದಿಟ್ಟ ಗುಂಡು ಗುದ್ದಿದ ರಭಸಕ್ಕೆ ಬಿಡಿಸಿಕೊಂಡು ಹೋಗಿ ವಿದ್ಯುತ್ ಸಂಪರ್ಕ ಕೂಡಿಸುತ್ತಿತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಅನಲಾಗ್ ಡಿವೈಸಸ್ ಕಂಪನಿ ಎಡಿಎಕ್ಸ್‌ಎಲ್50 ಎಂಬ ಚಿಪ್ ತಂದಿತು. ಗುರುತ್ವದ 50 ಪಟ್ಟಿನವರೆಗಿನ ಆಘಾತ ಅಳೆಯುವ ಈ ಚಿಪ್ಪಿನಲ್ಲಿ ಗುಂಡಿನ ಕೆಲಸ ಮಾಡುವುದು ಸಿಲಿಕಾನಿನ ಒಂದು ತೂಗುತೊಲೆ. ಅದರ ದ್ರವ್ಯರಾಶಿ 0.1 ಮೈಕ್ರೋಗ್ರಾಂ. ಒಂದು ರಾಗಿ ಕಾಳಿನ ತೂಕಕ್ಕೆ ಇಂಥ ಇಪ್ಪತ್ತು ಸಾವಿರ ತೊಲೆಗಳೂ ಸಾಲವು!

ತೊಲೆಯ ಎರಡೂ ಪಕ್ಕಕ್ಕೆ ಬೆರಳುಗಳು ಚಾಚಿವೆ. ಅವುಗಳ ಎದುರಿಗೆ ಕದಲದ ಬೆರಳುಗಳಿವೆ. ನಡುವಿನ ಸಂದು 1.3 ಮೈಕ್ರಾನ್, ಒಂದು ಬ್ಯಾಕ್ಟೀರಿಯಾ ತೂರುವಷ್ಟು. ಕಾರು ತಟ್ಟನೆ ನಿಂತಾಗ ತೊಲೆ ಜಡತ್ವದಿಂದ ಮುಂದಕ್ಕೆ ವಾಲುತ್ತದೆ. ಒಂದು ಕಡೆಯ ಸಂದು ಕಿರಿದಾಗಿ ಇನ್ನೊಂದು ಹಿರಿದಾಗುತ್ತದೆ, ಅದರಂತೆ ಬೆರಳುಗಳು ಹಿಡಿದಿಡಬಲ್ಲ ವಿದ್ಯುದಾವೇಶವೂ ಬದಲಾಗುತ್ತದೆ.

ಈ ಚಿಪ್ ಗುರುತಿಸಬಲ್ಲ ಅತಿ ಸಣ್ಣ ಕದಲಿಕೆ 0.02 ನ್ಯಾನೋಮೀಟರ್. ಸಿಲಿಕಾನಿನ ಒಂದು ಪರಮಾಣುವಿನ ಅಗಲದ ಹತ್ತನೇ ಒಂದು ಪಾಲು! ಬೆರಳುಗಳ ನಡುವೆ ಒಂದು ವೋಲ್ಟ್ ಇದ್ದರೆ ಅಷ್ಟು ಕದಲಿಕೆಗೆ ಆಗುವ ವ್ಯತ್ಯಾಸ ಸುಮಾರು 125 ಎಲೆಕ್ಟ್ರಾನು. ಒಂದು ಆಂಪಿಯರ್ ಹರಿಯುವ ಚಾರ್ಜರ್ ತಂತಿಯಲ್ಲಿ ಸೆಕೆಂಡಿಗೆ ಸಾಗುವ ಎಲೆಕ್ಟ್ರಾನುಗಳು ಸುಮಾರು 62 ಸಾವಿರ ಕೋಟಿ ಕೋಟಿ.

ಪರಮಾಣುವಿಗಿಂತ ಸಣ್ಣದನ್ನು ಪರಮಾಣುಗಳಿಂದಲೇ ಆದ ವಸ್ತು ಅಳೆಯುವುದು ಹೇಗೆ? ಒಂದೊಂದು ಪರಮಾಣುವೂ ಶಾಖದಿಂದ ಸದಾ ಅದುರುತ್ತಿರುವುದು ನಿಜ. ಆದರೆ ಅಳತೆಗೆ ಸಿಗುವುದು ಯಾವುದೋ ಒಂದರ ಜಾಗವಲ್ಲ. ತೊಲೆಯಲ್ಲಿ ಸುಮಾರು 20 ಕೋಟಿ ಕೋಟಿ ಪರಮಾಣುಗಳಿವೆ. ಬಿಡಿಬಿಡಿಯಾದ ಅದುರಾಟ ಬಹುಮಟ್ಟಿಗೆ ಪರಸ್ಪರ ವಜಾ ಆಗಿ, ಇಡೀ ಮೇಲ್ಮೈಯ ಸರಾಸರಿ ಜಾಗವಷ್ಟೇ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಚಿಪ್ಪಿನ ಅತ್ಯಂತ ಸುಂದರವಾದ ಸಂಗತಿ ಇದೇ.

ಇನ್ನೊಂದು ಜಾಣತನವೂ ಇದೆ. ಎಡಿಎಕ್ಸ್‌ಎಲ್50 ತೊಲೆಯನ್ನು ಅದರ ಪಾಡಿಗೆ ವಾಲಲು ಬಿಡುವುದಿಲ್ಲ. ಕದಲಿದ ಸುಳಿವು ಸಿಕ್ಕೊಡನೆ ವಿದ್ಯುತ್ ಬಲದಿಂದ ಹಿಂದಕ್ಕೆ ಎಳೆದು ನಡುವಿನಲ್ಲೇ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಲು ಎಷ್ಟು ಬಲ ಬೇಕಾಯಿತೋ ಅದೇ ಆಘಾತದ ಅಳತೆ. ಗುರುತ್ವದ 50 ಪಟ್ಟು ಆಘಾತಕ್ಕೂ ಬೇಕಾಗುವ ಬಲ 5 ಮೈಕ್ರೋಗ್ರಾಂ ಭಾರದಷ್ಟು. ಇದೇ ಬಲದಿಂದ ಚಿಪ್ ತನ್ನ ಪರೀಕ್ಷೆಯನ್ನೂ ಮಾಡಿಕೊಳ್ಳುತ್ತದೆ. ಕೇಳಿದಾಗ ತೊಲೆಯನ್ನು ತಾನೇ ನೂಕಿ, ಕಾರು ಯಾವುದಕ್ಕೂ ಗುದ್ದದೆಯೇ, ಸೆನ್ಸರ್ ಸರಿಯಾಗಿದೆಯೇ ಎಂದು ತೋರಿಸಿಕೊಡುತ್ತದೆ.